ಮಾದೇವನ ಕಣ್ಣು ಹೋದ ಬೇಸಿಗೆ

ನನ್ನ ಮಗಳ ಮಗಳು ಪವಿತ್ರ ಮೈಸೂರಿನಲ್ಲಿ ಬಿಯರ್ ಮಾಡುವ ಕೆಲಸದಲ್ಲಿದ್ದಾಳೆ. ಮಾರುವ ಕೆಲಸ ಅಲ್ಲ, ಮಾಡುವ ಕೆಲಸ. ರಬ್ಬರ್ ಬೂಟು ಹಾಕಿಕೊಂಡು ಸ್ಟೀಲಿನ ದೊಡ್ಡ ದೊಡ್ಡ ಹಂಡೆಗಳ ನಡುವೆ ನಿಂತಿರುವ ಫೋಟೋ ತೋರಿಸಿದ್ದಳು. ಉಡಿಗಾಲದಲ್ಲಿರುವ ಅವಳ ಅಪ್ಪನ ಕಡೆಯವರು ನೆಂಟರ ಮುಂದೆ ಇವತ್ತಿಗೂ ಬಿಸ್ಕತ್ ಫ್ಯಾಕ್ಟರಿ ಅಂತಲೇ ಹೇಳುತ್ತಾರೆ. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನನ್ನ ಮನೆಗೆ ಅದೇನು ಹೊಸ ಕಸುಬಲ್ಲ.

ಹೋದ ತಿಂಗಳು ಬಂದಾಗ ಒಂದು ಬಾಟಲಿ ತಂದಳು. ಕಪ್ಪು ಬಾಟಲಿ, ಮೂತಿಗೆ ಕೆಂಪು ಮೇಣ. ಚಾಕುವಿನಲ್ಲಿ ಮೇಣ ಕೆರೆದು ಬಿಚ್ಚಿದಳು. ಇದಕ್ಕೆ ಬಾರ್ಲಿ ವೈನ್ ಅಂತಾರಂತೆ, ಆದರೆ ವೈನ್ ಅಲ್ಲ, ಗಟ್ಟಿ ಬಿಯರು. ಬಾರ್ಲಿ ಜೊತೆಗೆ ರೈ ಅನ್ನುವ ಇನ್ನೊಂದು ಕಾಳು ಹಾಕಿದ್ದಾರೆ, ಸೊರಗಿದ ಗೋಧಿಯ ಹಾಗೆ ಉದ್ದಕ್ಕೆ ತೆಳ್ಳಗೆ ಇರುತ್ತದಂತೆ. ಕಾಯಿಸಿ, ಹುಳಿ ಬರಿಸಿ, ಆಮೇಲೆ ಒಂದು ವರ್ಷ ಮರದ ಪೀಪಾಯಿಯಲ್ಲಿ ತುಂಬಿ ಮುಚ್ಚಿಟ್ಟಿದ್ದರಂತೆ. ಕುಡಿಯುವುದಕ್ಕೆ ಒಂದು ವರ್ಷ ಕಾಯುವ ಜನರೂ ಇದ್ದಾರೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ನಾವು ಕಾಯಿಸುತ್ತಿದ್ದ ಕಾಲದಲ್ಲಿ ಒಲೆ ಮುಂದೆಯೇ ಲೋಟ ಹಿಡಿದು ಕೂತಿರುತ್ತಿದ್ದರು.

"ಪೀಪಾಯಲ್ಲಿ ಮೊದ್ಲು ಏನಿತ್ತು?" ಅಂತ ಕೇಳಿದೆ.

ಪವಿತ್ರ ನಕ್ಕಳು. ಅಲ್ಲಿಗೆ ಬರುವವರೆಲ್ಲ ಎಷ್ಟು ಏರುತ್ತದೆ ಅಂತ ಕೇಳುತ್ತಾರಂತೆ, ಪೀಪಾಯಿಯ ಜಾತಕ ಕೇಳಿದವಳು ನಾನೊಬ್ಬಳೇ ಅಂತೆ. ವಿಸ್ಕಿ ಇತ್ತು ಅಂದಳು. ಚಹಾ ಲೋಟದಲ್ಲಿ ನಾಲ್ಕು ಬೆರಳು ಸುರಿದಳು. ಬಣ್ಣ ನೋಡಿದರೆ ಕಾಕಂಬಿ, ಅಂಚಿನಲ್ಲಿ ಮಾತ್ರ ಕೆಂಪು. ಫ್ರಿಜ್ಜಿನಲ್ಲಿ ಇಡುವುದಿಲ್ಲವಂತೆ, ತಣ್ಣಗಾದರೆ ಇದು ಬಾಯಿ ಬಿಡುವುದಿಲ್ಲವಂತೆ.

ಮೂಗಿನ ಹತ್ತಿರ ತಂದೆ. ಮೊದಲು ಬಂದದ್ದು ಆಲೆಮನೆಯ ಕೊಪ್ಪರಿಗೆಯಲ್ಲಿ ತಳ ಹಿಡಿದ ಬೆಲ್ಲದ ವಾಸನೆ. ಅದರ ಹಿಂದೆ ಒಣ ಖರ್ಜೂರ. ಅದರ ಹಿಂದೆ ಮರ. ಬರೀ ಮರ ಅಲ್ಲ, ಒಳಗೆ ಬೆಂಕಿ ತಾಗಿದ ಮರ. ಹಾಗಂತ ಹೇಳಿದಾಗ ಪವಿತ್ರ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಪೀಪಾಯಿಗಳನ್ನು ಮಾಡುವಾಗಲೇ ಒಳಗೆ ಸುಡುತ್ತಾರಂತೆ. ಒಂದು ಗುಟುಕು ಬಾಯಿಗೆ ಹಾಕಿ ನಾಲಿಗೆ ಮೇಲೆ ನಿಲ್ಲಿಸಿಕೊಂಡೆ. ಸಿಹಿ ಮೊದಲು, ಬೇವಿನ ಕಡ್ಡಿಯ ಕಹಿ ಆಮೇಲೆ, ನಡುವೆ ನಾಲಿಗೆಯ ಎರಡೂ ಬದಿಗೆ ಮೆಣಸಿನ ಹಾಗೆ ಚುರುಕ್ ಅಂತು. ಆ ಚುರುಕು ರೈ ಕಾಳಿನದಂತೆ. ಗಂಟಲಿಳಿದ ಮೇಲೆ ಎದೆಯಲ್ಲಿ ಬೆಚ್ಚಗೆ ಕೂತಿತು. ಚೆನ್ನಾಗಿತ್ತು. ಕೆಟ್ಟದ್ದು ಹುಡುಕಿದೆ, ಸಿಗಲಿಲ್ಲ. ತೊಳೆದ ಪಾತ್ರೆಯಲ್ಲಿ, ಹೊಟ್ಟೆಗೆ ಹೋಗುವಂಥದ್ದು ಇದು ಅಂತ ತಿಳಿದು ಮಾಡಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯಿಂದ ನನ್ನ ತಮ್ಮ ಮಾದೇವ ಗೋಡೆ ಸವರಿಕೊಂಡು ಬಂದ. ಅವನಿಗೆ ಕಣ್ಣಿಲ್ಲ. ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ ಹೋದವು. ಕುಡಿತ ಬಿಟ್ಟಿದ್ದಾನೆ, ಹಬ್ಬಕ್ಕೆ ಒಂದು ಗುಟುಕು ಅಷ್ಟೇ. ಪವಿತ್ರ ಅವನ ಕೈಗೆ ಒಂದು ಲೋಟ ಕೊಟ್ಟಳು. ಅವನು ಕುಡಿಯಲಿಲ್ಲ. ಲೋಟವನ್ನು ನಾನು ಕೂತಿದ್ದ ಕಡೆಗೆ ಚಾಚಿದ.

"ಅಕ್ಕ, ನೀ ಒಂದ್ ದಪ ನೋಡ್ಬುಡು."

ಮಜ್ಜಿಗೆಯಾದರೂ ಅಷ್ಟೇ, ಹೊರಗಿನಿಂದ ಬಂದದ್ದನ್ನು ನಾನು ಬಾಯಿಗೆ ಹಾಕಿ ಹೂಂ ಅನ್ನುವ ತನಕ ಅವನು ಮುಟ್ಟುವುದಿಲ್ಲ. ನೋಡಿ ಕೊಟ್ಟೆ. ಅವನು ಕುಡಿದು, ತುಟಿ ಒರೆಸಿಕೊಂಡು ಪವಿತ್ರಳಿಗೆ ಹೇಳಿದ, "ಆವತ್ತು ನಿಮ್ಮಜ್ಜಿ ಮಾತ ಕೇಳಿದ್ರೆ ನನ್ ಕಣ್ಣು ಇರೋವು ಕಣಮ್ಮಿ. ಆ ನಾಗ ತೆಗ್ದ. ಅವನ ವಂಶ ಹಾಳಾಗ."

ಆ ಬೇಸಿಗೆಯದು ಅವನಿಗೆ ಗೊತ್ತಿರುವುದು ಅರ್ಧ. ಉಳಿದ ಅರ್ಧವನ್ನು ನಾನು ಯಾರಿಗೂ ಹೇಳಿಲ್ಲ, ಅವನಿಗಂತೂ ಇಲ್ಲ. ಪವಿತ್ರ ಹೋದ ಮೇಲೆ ಬರೆಯಲು ಕೂತೆ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮೂರು ಬೇಗೂರಿಂದ ಒಳಗೆ. ಆ ವರ್ಷ ಯುಗಾದಿ ದಿನವೇ ಎಲ್ಲ ಬಾಗಿಲು ಹಾಕಿತು. ಬಸ್ಸಿಲ್ಲ, ಸಂತೆಯಿಲ್ಲ, ಊಟಿ ರೋಡಿನಲ್ಲಿ ಗಾಡಿಯಿಲ್ಲ. ಹುಟ್ಟಿದಾಗಿನಿಂದ ಆ ರೋಡಿನ ಸದ್ದು ಕಿವಿಯಲ್ಲಿ ಇದ್ದದ್ದೇ, ಅದು ನಿಂತ ಮೇಲೆ ಕಿವಿಯಲ್ಲೇ ಏನೋ ಆಗಿದೆ ಅನ್ನಿಸಿತು. ಜಿಂಕೆಗಳು ಟಾರಿನ ಮೇಲೆ ಮಲಗಿದ್ದವು ಅಂತ ನೋಡಿ ಬಂದವರು ಹೇಳಿದರು. ನಮ್ಮ ಜಿಲ್ಲೆಯಲ್ಲಿ ಒಂದು ಕೇಸೂ ಇಲ್ಲ ಅಂತ ಟಿವಿಯಲ್ಲಿ ದಿನಾ ಹೊಗಳುತ್ತಿದ್ದರು. ಕೇಳಿ ಎಲ್ಲರೂ ಹಿಗ್ಗುತ್ತಿದ್ದರು. ನನಗೆ ಹಿಗ್ಗು ಬರಲಿಲ್ಲ. ಸಾವು ಬರುವುದಕ್ಕೆ ಒಂದೇ ದಾರಿಯೇನು ಇರುವುದು?

ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡು ಬೇಯದ ಒಲೆ ಇಲ್ಲ, ಕುಡಿಯುವ ಗಂಡಸು ಕುಡಿಯದೆ ಇರುವುದಿಲ್ಲ. ಆ ವರ್ಷ ಬಾಡು ಸಿಕ್ಕಿತು, ಅಂಗಡಿ ಮುಚ್ಚಿತ್ತು. ಊಟಕ್ಕೆ ಕೂತ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಾರು ಸುರಿದುಕೊಂಡು ಎದ್ದರು. ನಗಾಡುವ ವಿಷಯ ಅಂತ ನಗಾಡಿದೆವು. ಮೂರನೇ ದಿನಕ್ಕೆ ಮಾದೇವನ ಕೈ ನಡುಗಲು ಶುರುವಾಯಿತು.

ಮಾದೇವ ಇಪ್ಪತ್ತೈದು ವರ್ಷ ಬಿಡದೆ ಕುಡಿದವನು. ಬೆಳಿಗ್ಗೆ ಒಂದು ಪ್ಯಾಕೆಟ್ಟು ಇಳಿದರೆ ಮಾತ್ರ ನೇಗಿಲು ಹಿಡಿಯುವವನು. ನಾಲ್ಕನೇ ದಿನ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂತ ಸೆಗಣಿ ನೀರು ತಂದು ಗೋಡೆಗೆ ಎರಚಿದ. ಒಂದು ಇರುವೆಯೂ ಇರಲಿಲ್ಲ. ಐದನೇ ದಿನ ಹೆಂಡತಿ ಸುಂದ್ರಳನ್ನು ಸತ್ತ ನಮ್ಮವ್ವ ಅಂತ ತಿಳಿದು ಕಾಲಿಗೆ ಬಿದ್ದ. ಆಶಾ ಕಾರ್ಯಕರ್ತೆ ಹುಡುಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದಳು. ಆಸ್ಪತ್ರೆಗೆ ಹೋದರೆ ಕೊರೊನಾ ಅಂತ ಹಿಡಿದು ಹಾಕುತ್ತಾರೆ, ಹೆಣವನ್ನೂ ಕೊಡುವುದಿಲ್ಲ ಅಂತ ಊರೆಲ್ಲ ಹೆದರಿತ್ತು. ಸುಂದ್ರ ನನ್ನ ಮುಂದೆ ಬಂದು ಕೂತಳು.

"ಅತ್ಗೆ, ನಿಮ್ಗೆ ಗೊತ್ತಿರೋದೊಂದು ಅದಲ್ಲ, ಅದ ಮಾಡಿ. ಇಲ್ದಿದ್ರೆ ಇವ್ರು ಉಳಿಯಲ್ಲ."

ನನ್ನ ಗಂಡ ಇದ್ದ ಕಾಲದಲ್ಲಿ ನಾವಿಬ್ಬರೂ ಕಾಡಂಚಿನ ಹಳ್ಳದಲ್ಲಿ ಸಾರಾಯಿ ಇಳಿಸುತ್ತಿದ್ದೆವು. ಮಡಕೆ ಹೊತ್ತೆ, ಒಡೆಸಿಕೊಂಡೆ, ಒಂದು ಸಲ ಸ್ಟೇಷನ್ನಿನಲ್ಲಿ ಕೂತು ಬಂದೆ. ಅವನು ಸತ್ತ ಮೇಲೆ ಕೈಬಿಟ್ಟೆ. ಅವನು ಕಲಿಸಿದ್ದು ಎರಡು. ಮೊದಲನೆಯದು, ಪಾತ್ರೆ. ಹೊಸ ಮಣ್ಣಿನ ಗಡಿಗೆ, ಇಲ್ಲವೆಂದರೆ ಮನೆಯಲ್ಲಿ ಹುಟ್ಟಿ ಬೆಳೆದ ಪಾತ್ರೆ. ಹಿಂದೆ ಏನು ತುಂಬಿದ್ದರು ಅಂತ ತಿಳಿಯದ ಪಾತ್ರೆಗೆ ಬೆಲ್ಲ ಹಾಕಬಾರದು. ಎರಡನೆಯದು, ಬೆಂಕಿ. ಇಳಿದದ್ದನ್ನು ಒಂದು ಚಮಚ ತೆಗೆದು ಕಡ್ಡಿ ಗೀರಿದರೆ ನೀಲಿಯಾಗಿ ಉರಿಯಬೇಕು. ನೀಲಿ ಉರಿದರೆ ಚೊಕ್ಕ, ಹಳದಿಯಾಗಿ ಹೊಗೆಯಾಡಿದರೆ ಚೆಲ್ಲು. ನಮ್ಮ ಸೀಮೆಯಲ್ಲಿ ಎಲ್ಲರೂ ನಂಬಿದ ಪರೀಕ್ಷೆ ಅದು.

ಒಂದೇ ಗಡಿಗೆ ಅಂತ ಒಪ್ಪಿಕೊಂಡೆ. ಬೆಲ್ಲಕ್ಕೆ ಬರವಿರಲಿಲ್ಲ. ಕೇರಳದ ದಾರಿ ಮುಚ್ಚಿದ್ದರಿಂದ ಬಾಳೆ ಗೊನೆಗಳು ಗಿಡದಲ್ಲೇ ಹಣ್ಣಾಗಿ ಉದುರುತ್ತಿದ್ದವು. ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಹೋಗಬೇಕಾದ ಟೊಮೇಟೊ, ಕೋಸು, ಕಲ್ಲಂಗಡಿ ಎಲ್ಲ ಹೊಲದಲ್ಲೇ ಕೊಳೆಯುತ್ತಿತ್ತು. ಆ ಬೇಸಿಗೆ ಊರಿಗೆ ಊರೇ ಹುಳಿ ಬಂದ ಗಡಿಗೆಯ ಹಾಗೆ ನಾರುತ್ತಿತ್ತು. ಬಿಸಿಲಿಗೆ ಬೇಗ ಹುಳಿ ಬಂತು. ಹಟ್ಟಿಯ ಹಿಂದೆ ಹಾಡು ಹಗಲೇ ಇಳಿಸಿದೆ. ಕೇಳಲು ಪೊಲೀಸರು ಇರಲಿಲ್ಲ, ಅವರೆಲ್ಲ ಗಡಿಯಲ್ಲಿ ಕೇರಳದ ಗಾಡಿ ತಡೆಯುತ್ತಾ ನಿಂತಿದ್ದರು.

ಮೊದಲ ಲೋಟ ಕುಡಿದು ಅರ್ಧ ಗಂಟೆಗೆ ಮಾದೇವನ ಕೈ ನಡುಕ ನಿಂತಿತು. ಸುಂದ್ರಳನ್ನು ಸುಂದ್ರ ಅಂತ ಕರೆದ. ನಾನು ಅವನಿಗೆ ಎದುರಿಗೇ ಹೇಳಿದೆ, ಇದು ಮದ್ದು, ಮೋಜಿಗಲ್ಲ, ದಿನಾ ಸ್ವಲ್ಪ ಕಡಿಮೆ ಮಾಡುತ್ತೇನೆ, ಕೊನೆಗೆ ಬರೀ ಲೋಟ ಕೊಡುತ್ತೇನೆ ಅಂತ. ಹಾಗೇ ಮಾಡಿದೆ. ಬಾಟಲಿಯನ್ನು ರಾಗಿ ತುಂಬುವ ಮಣ್ಣಿನ ವಾಡೆಯಲ್ಲಿ ಹೂತಿಟ್ಟು ಬೆಳಿಗ್ಗೆ ಒಂದು, ಸಂಜೆ ಒಂದು ಅಳತೆ. ಬೇಡಿದ, ಬೈದ, ನನ್ನನ್ನು ಜೈಲಿನ ಜಮಾದಾರಿಣಿ ಅಂದ. ಹದಿನೈದು ದಿನಕ್ಕೆ ಮುದ್ದೆ ಮುರಿದು ಉಣ್ಣುವಂತಾದ. ಮೂಳೆ ಕಾಣುತ್ತಿದ್ದ ಕೆನ್ನೆಗೆ ಮಾಂಸ ಬಂತು. ಒಂದು ದಿನ ನಾನು ಹೇಳದೆ ಬಾವಿಯಿಂದ ನೀರು ತಂದು ನನ್ನ ತೊಟ್ಟಿ ತುಂಬಿಸಿದ. ಇನ್ನೊಂದು ವಾರ ಹೀಗೇ ಹೋದರೆ ಇವನು ಬಿಡುತ್ತಾನೆ ಅಂತ ಲೆಕ್ಕ ಹಾಕಿದ್ದೆ. ವಾಡೆಯಲ್ಲಿ ಒಂದೇ ಬಾಟಲಿ ಉಳಿದಿತ್ತು, ಅದರೊಳಗೇ ಮುಗಿಸುವುದು ಅಂತ.

ಆದರೆ ನನ್ನ ಒಲೆಯ ವಾಸನೆ ಊರಿಗೆ ಹೋಗಿತ್ತು. ನನ್ನ ಹತ್ತಿರ ಕೇಳಲು ಬಂದವರನ್ನೆಲ್ಲ ಬೈದು ಕಳಿಸಿದೆ. ನಾಗ ಮಾತ್ರ ಕೇಳಲು ಬರಲಿಲ್ಲ, ಹೇಗೆ ಇಳಿಸುತ್ತೇನೆ ಅಂತ ನೋಡಲು ಬಂದ.

ನಾಗ ಲೋಡ್ ಆಟೋ ಓಡಿಸುತ್ತಿದ್ದ. ಚೆಂಡು ಹೂವಿನ ಕಾಲದಲ್ಲಿ ಹೊಲದಿಂದ ಹೂ ತುಂಬಿಕೊಂಡು ಬಣ್ಣ ತೆಗೆಯುವ ಫ್ಯಾಕ್ಟರಿಗೆ ಸಾಗಿಸುತ್ತಿದ್ದ. ಕೆಟ್ಟವನಲ್ಲ. ಬಾಯಿ ಜಾಸ್ತಿ, ನಗು ಜಾಸ್ತಿ, ಎಲ್ಲದಕ್ಕೂ ಮುಂದೆ. ಬಾಡಿಗೆ ನಿಂತು ಹೋಗಿ ಸುಮ್ಮನೆ ಕೂರಲಾರದೆ ಒದ್ದಾಡುತ್ತಿದ್ದ. ಯಾವುದೋ ಗುಜರಿಯವನಿಂದ ಹಿಂದೆ ತಂದಿಟ್ಟಿದ್ದ ನೀಲಿ ಡ್ರಮ್ಮು ಅವನ ಕೊಟ್ಟಿಗೆಯಲ್ಲಿತ್ತು. ನೀರು ತುಂಬಲು ಅಂತ ತಂದದ್ದು. ನಾಗ ತಾನೇ ಗಡಿಗೆಗಳನ್ನು ಹೊಂದಿಸಿ ಕೊಟ್ಟಿಗೆಯಲ್ಲಿ ಇಳಿಸಿದ, ಇಳಿಸಿದ್ದನ್ನೆಲ್ಲ ಆ ಡ್ರಮ್ಮಿನಲ್ಲಿ ತುಂಬಿಸಿದ. ಅಶ್ವಿನಿ ಮಳೆ ಬರಬೇಕಿದ್ದ ಹೊತ್ತು. ಮೋಡ ದಿನಾ ಮಧ್ಯಾಹ್ನ ಬೆಟ್ಟದ ಕಡೆಯಿಂದ ಎದ್ದು ಊರ ಮೇಲೆ ಬಂದು ಕಪ್ಪಗೆ ನಿಲ್ಲುತ್ತಿತ್ತು. ಗಾಳಿ ಎದ್ದು ಬಾಳೆ ಮುರಿಯುತ್ತಿತ್ತು. ಮಳೆ ಬೀಳುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ನಾಗ ನನ್ನನ್ನು ಕರೆಯಲು ಬಂದ.

"ದೊಡ್ಡವ್ವ, ಬಾ. ನೀ ಬಾಯಿಗಾಕಿ ಸೈ ಅಂದ್ರೆ ಸೈ. ನಿನ್ ನಾಲ್ಗೆ ಮುಂದೆ ಮಿಸೀನು ಯಾಕ್ಬೇಕು?"

ಹೋದೆ. ಕೊಟ್ಟಿಗೆಯಲ್ಲಿ ಏಳೆಂಟು ಜನ ಕೂತಿದ್ದರು. ಯಾರ ಮುಖಕ್ಕೂ ಮಾಸ್ಕ್ ಇರಲಿಲ್ಲ, ಟವಲ್ಲು ಕತ್ತಿನಲ್ಲಿತ್ತು. ಡ್ರಮ್ಮಿನ ಮುಚ್ಚಳ ತೆಗೆದಾಗ ಬಗ್ಗಿ ಮೂಸಿದೆ. ಬೆಲ್ಲ ಇತ್ತು, ಬಾಳೆ ಇತ್ತು. ಅದರ ಅಡಿಯಲ್ಲಿ ಇನ್ನೊಂದು ಇತ್ತು. ತಣ್ಣಗೆ, ಸಿಹಿಯಾಗಿ, ಮೂಗಿನ ಒಳಗೆ ನೂಲು ಎಳೆದ ಹಾಗೆ. ನಾನು ಬಾಯಿಗೆ ಹಾಕಲಿಲ್ಲ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಕೇಳಿದೆ. ಸ್ಪಿರಿಟ್ಟು ಅಂದ ನಾಗ. ತಳದಲ್ಲಿ ನಾಲ್ಕು ಲೀಟರು ಉಳಿದಿತ್ತಂತೆ. ವಾಸನೆ ನೋಡಿದರೆ ಸಾರಾಯಿಯ ಅಣ್ಣನೇ ಅನ್ನಿಸಿತಂತೆ, ಚೆಲ್ಲುವುದು ಯಾಕೆ ಅಂತ ಅದರ ಮೇಲೇ ತುಂಬಿಸಿದನಂತೆ, ಇನ್ನಷ್ಟು ಘಾಟು ಬರಲಿ ಅಂತ. ಇದನ್ನು ದೊಡ್ಡ ಉಪಾಯ ಮಾಡಿದವನ ಹಾಗೆ ಹೇಳಿದ.

ಚೆಲ್ಲು ಅಂದೆ. ಇದು ಕುಡಿಯುವಂಥದ್ದಲ್ಲ, ಡ್ರಮ್ಮು ಸಮೇತ ಗುಂಡಿಗೆ ಹಾಕು ಅಂದೆ.

ಯಾರೋ ನಕ್ಕರು. ತಾನೊಬ್ಬಳೇ ಇಳಿಸಬೇಕು ಅಂತ ಮುದುಕಿಗೆ ಆಸೆ ಅಂತ ಅಂದರು. ನಾಗ ನಗಲಿಲ್ಲ, ಅವನಿಗೆ ಬೇಜಾರಾಗಿತ್ತು. ಒಂದು ಚಮಚ ತೆಗೆದ, ಕೊಟ್ಟಿಗೆಯ ಕತ್ತಲೆ ಮೂಲೆಗೆ ಹೋಗಿ ಕಡ್ಡಿ ಗೀರಿದ. ಉರಿ ಎದ್ದಿತು. ನೀಲಿ. ಒಂದಿಷ್ಟೂ ಹಳದಿ ಇಲ್ಲ, ಹೊಗೆ ಇಲ್ಲ. ನನ್ನ ಗಂಡ ಇಳಿಸಿದ್ದೂ ಅಷ್ಟು ಚೊಕ್ಕವಾಗಿ ಉರಿದದ್ದನ್ನು ನಾನು ನೋಡಿಲ್ಲ.

"ಏನವ್ವ, ಈಗೇನಂತೀಯ?" ಅಂದ ನಾಗ.

ಮೂಗು ಬೇಡ ಅನ್ನುತ್ತಿತ್ತು, ಕಣ್ಣೆದುರು ನೀಲಿ ಉರಿಯುತ್ತಿತ್ತು. ಉರಿಯನ್ನು ನಂಬಿ ಬದುಕಿದವಳು ನಾನು. ವಯಸ್ಸಾಗಿ ಮೂಗು ಕೆಟ್ಟಿರಬೇಕು ಅಂದುಕೊಂಡೆ. ಸ್ಪಿರಿಟ್ಟಿನಲ್ಲಿ ಕೊಲ್ಲುವ ಜಾತಿ ಒಂದಿದೆ, ಅದೂ ನೀಲಿಯಾಗೇ ಉರಿಯುತ್ತದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಕುಡಿಯಲ್ಲ, ನಿಮ್ಮಿಷ್ಟ ಅಂದು ಎದ್ದು ಬಂದೆ. ಊರವರು ಇವತ್ತಿಗೂ ಹೇಳುವುದು ಆ ಮೊದಲ ಮಾತನ್ನು, ಮುದುಕಿ ಚೆಲ್ಲು ಅಂದಿದ್ದಳು ಅಂತ. ಎದ್ದು ಬಂದದ್ದನ್ನು ಯಾರೂ ಹೇಳುವುದಿಲ್ಲ.

ಆವತ್ತು ಸಂಜೆ ಮಾದೇವ ತನ್ನ ಅಳತೆ ಕುಡಿಯಲು ಬರಲಿಲ್ಲ. ಹುಡುಕಲು ಹೋಗಲಿಲ್ಲ ನಾನು. ಒಂದು ದಿನ ತಪ್ಪಿಸಿದರೆ ಒಳ್ಳೆಯದೇ ಅಂದುಕೊಂಡೆ.

ಬೆಳಿಗ್ಗೆ ಬಿಸಿಲು ಕಣ್ಣು ಚುಚ್ಚುವಂತಿತ್ತು. ಹಿತ್ತಲ ಒಗೆಯೋ ಕಲ್ಲಿನ ಹತ್ತಿರ ಪಾತ್ರೆ ಉಜ್ಜುತ್ತಿದ್ದೆ. ಮಾದೇವ ಬಂದ. ಬೇಲಿಯ ಕಂಬ ಹಿಡಿದುಕೊಂಡು ನಿಂತ. ಬಾಯಿ ಒಣಗಿತ್ತು, ಹೊಟ್ಟೆ ಹಿಡಿದುಕೊಂಡಿದ್ದ.

"ಏನಕ್ಕ ಇವತ್ತು, ಇಂಗೆ ಮಂಜು ಬಿದ್ದದೆ?"

ನಾನು ತಿರುಗಿ ನೋಡಿದೆ. ನೆರಳು ಅಂಗಳದಲ್ಲಿ ಗೆರೆ ಎಳೆದ ಹಾಗೆ ಬಿದ್ದಿತ್ತು. ಎಲ್ಲಿಯ ಮಂಜೋ ಅಂದೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಇರುವ ಹಾಗೆ, ಎಲ್ಲಾ ಬೆಳ್ಳಗೆ, ನೀನೂ ಬೆಳ್ಳಗೆ ಕಾಣುತ್ತೀಯ ಅಂದ. ಆಗ ನನಗೆ ತಿಳಿಯಿತು ಅವನು ಎಲ್ಲಿ ಕುಡಿದು ಬಂದಿದ್ದಾನೆ ಅಂತ. ಕೋಪ ಬಂತು. ಹದಿನೈದು ದಿನ ಅಳೆದು ಅಳೆದು ಎತ್ತಿ ನಿಲ್ಲಿಸಿದವನು ಒಂದು ಮಧ್ಯಾಹ್ನಕ್ಕೆ ಬಿದ್ದನಲ್ಲ ಅಂತ. ಹೆದರಿಕೆ ಆಗಬೇಕಿತ್ತು, ಆದದ್ದು ಕೋಪ.

ಅವನು ಬೇಲಿ ಬಿಟ್ಟು ನೆಲಕ್ಕೆ ಕೂತ. "ವಾಡೆಲಿ ಒಂದ್ ಬಾಟ್ಲಿ ಮಡ್ಗಿದ್ದೀಯಲ್ಲ ಅಕ್ಕ, ಅದ ಕೊಡು. ಒಂದೀಟು ಇಳುದ್ರೆ ಸರಿಯೋಯ್ತದೆ. ನಿಂದು ಚೊಕ್ಕ."

"ಇಲ್ಲ. ಮುಗ್ದೋಯ್ತು," ಅಂದೆ.

ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಇಲ್ಲ ಅಂದೆ. ಆಮೇಲೆ ಒಳಗೆ ಹೋದೆ. ರಾಗಿಯಲ್ಲಿ ಕೈ ಹಾಕಿ ಬಾಟಲಿ ತೆಗೆದೆ. ಮುಕ್ಕಾಲು ತುಂಬಿತ್ತು. ಹಿತ್ತಲಿಗೆ ತಂದು ಒಗೆಯೋ ಕಲ್ಲಿನ ಬುಡದ ಚರಂಡಿಗೆ ಪೂರ್ತಿ ಸುರಿದೆ. ಅವನು ಆರು ಅಡಿ ದೂರದಲ್ಲಿ ಕೂತಿದ್ದ, ಮುಖ ನನ್ನ ಕಡೆಗೇ ಇತ್ತು, ಕಾಣಲಿಲ್ಲ ಅವನಿಗೆ. ವಾಸನೆ ಮಾತ್ರ ಎದ್ದಿತು. ಏನಕ್ಕ ಅದು ಅಂತ ಕೇಳಿದ. ನಿನ್ನ ಬಾಯಿ ವಾಸನೆಯೇ ಕಣ ಅದು ಅಂದೆ. ಇನ್ನು ಈ ಮನೆಯಲ್ಲಿ ಒಂದು ತೊಟ್ಟೂ ಇಲ್ಲ, ಸತ್ತರೂ ಕೇಳಬೇಡ ಅಂದೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು ಆಗ. ಯಾರನ್ನು ಕೇಳಿದ್ದರೂ ಒಳ್ಳೆಯ ಕೆಲಸ ಅಂತಲೇ ಹೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ಇನ್ನೂ ಮೂವರು ಮಂಜು ಅನ್ನುತ್ತಿದ್ದರು. ನಾಗ ವಾಂತಿ ಮಾಡಿಕೊಂಡು ಕೊಟ್ಟಿಗೆಯಲ್ಲೇ ಬಿದ್ದಿದ್ದ. ಮರದ ಕೆಳಗೆ ಹಿರಿಯರು ಸೇರಿದರು. ಆಸ್ಪತ್ರೆಗೆ ಹೋದರೆ ಏನು ಕುಡಿದಿರಿ ಅಂತಾರೆ, ಊರಿಗೆ ಪೊಲೀಸು ಬರುತ್ತದೆ, ನಿಂಬೆಹಣ್ಣಿನ ನೀರು ಕುಡಿಸಿ ಮಲಗಿಸಿದರೆ ಇಳಿಯುತ್ತದೆ ಅಂದರು. ಸುಂದ್ರ ಗಂಡನಿಗೆ ಹೊಟ್ಟೆ ಕೆಟ್ಟಿದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಮೊದಲು ಒಲೆ ಹಚ್ಚಿದವಳು ನಾನು, ನನ್ನ ಹೆಸರೂ ಬರುತ್ತದೆ ಅಂತ ಹೆದರಿದೆ. ಮೂರು ಗಂಟೆಗೆ ನಾಗನ ಹೆಂಡತಿ ಜಯ ಬೀದಿಯಲ್ಲಿ ಓಡಿ ಬಂದಳು. ಕೂಗಲಿಲ್ಲ ಅವಳು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನಾಗ ಹೋಗಿದ್ದ.

ಆಮೇಲೆ ನಾನು ಯಾರ ಮಾತೂ ಕೇಳಲಿಲ್ಲ. ತರಕಾರಿ ಪಾಸ್ ಇದ್ದ ಟೆಂಪೋ ಹಿಡಿದು ಮಾದೇವನನ್ನೂ ಇನ್ನಿಬ್ಬರನ್ನೂ ಹಾಕಿಸಿದೆ. ಇನ್ನೊಬ್ಬನ ಮನೆಯವರು ಕಳಿಸಲಿಲ್ಲ, ಅವನು ಆ ಸಂಜೆಯೇ ತೀರಿಕೊಂಡ. ಬ್ಯಾರಿಕೇಡಿನ ಹತ್ತಿರ ಪೊಲೀಸಿನವನು ಏನು ಲೋಡು ಅಂದ. ಸಾಯೋ ಲೋಡು, ಬಿಡಪ್ಪ ಅಂದೆ, ಬಿಟ್ಟ. ಗುಂಡ್ಲುಪೇಟೆ ಆಸ್ಪತ್ರೆ ಬಾಗಿಲಲ್ಲೇ ಹೇಳಿದೆ, ಡ್ರಮ್ಮಿನ ಸ್ಪಿರಿಟ್ಟು ಕುಡಿದಿದ್ದಾರೆ, ಹೊಟ್ಟೆ ನೋವಲ್ಲ ಅಂತ. ಸುಂದ್ರ ನನ್ನ ಸೆರಗು ಹಿಡಿದು ಜಗ್ಗಿದಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ತೆರಕಣಾಂಬಿ ದಾಟಿದಾಗ ಹನಿ ಬೀಳಲು ಶುರುವಾಯಿತು. ಅಷ್ಟು ದಿನ ಕಾಡಿಸಿದ ಮಳೆ. ಮಾದೇವ ಅದರ ಸದ್ದು ಕೇಳಿ ದೀಪ ಯಾಕೆ ಹಚ್ಚಿಲ್ಲ ಅಂತ ಕೇಳಿದ. ಇನ್ನೂ ಬೆಳಕಿತ್ತು.

ಡಾಕ್ಟರು ಹೆಣ್ಣುಮಗಳು, ಚಿಕ್ಕವಳು, ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿಕೊಂಡಿದ್ದಳು. ರಾತ್ರಿಯೆಲ್ಲ ನಿಂತಳು. ಮೂವರ ಜೀವ ಉಳಿಸಿದಳು. ಇನ್ನಿಬ್ಬರಿಗೆ ಕಣ್ಣು ಅಲ್ಪಸ್ವಲ್ಪ ಬಂತು, ಮಾದೇವನಿಗೆ ಬರಲಿಲ್ಲ. ಅವನು ಎಲ್ಲರಿಗಿಂತ ಹೆಚ್ಚು ಕುಡಿದಿದ್ದ, ಹದಿನೈದು ದಿನದ ಬಾಕಿ ತೀರಿಸುವವನ ಹಾಗೆ. ಮೂರನೇ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಹತ್ತಿರ ಬಂದು ನಿಂತಳು ಡಾಕ್ಟರಮ್ಮ. ಏನು ಮದ್ದು ಕೊಟ್ಟಿರಿ ಅಂತ ನಾನೇ ಕೇಳಿದೆ.

ಅವಳು ಹೇಳಿದ್ದು ಇಷ್ಟು. ಆ ವಿಷ ಮೈಯಲ್ಲಿ ಕೆಲಸ ಮಾಡದ ಹಾಗೆ ತಡೆಯುವುದಕ್ಕೆ ಇರುವ ಮದ್ದುಗಳಲ್ಲಿ ಒಳ್ಳೆಯ ಸಾರಾಯಿಯೂ ಒಂದಂತೆ. ಅಳತೆ ನೋಡಿ ಅದನ್ನೇ ಕೊಟ್ಟರಂತೆ. ಕಣ್ಣು ಮಂಜಾದ ಕೂಡಲೇ ಅದು ಮೈಗೆ ಇಳಿದಿದ್ದರೆ ದೃಷ್ಟಿ ಉಳಿಯಬಹುದಿತ್ತು, ಬಂದದ್ದು ತಡವಾಯಿತು ಅಂದಳು. ಉಳಿಯಬಹುದಿತ್ತೋ, ಉಳಿಯುತ್ತಿತ್ತೋ ಅಂತ ಬಿಡಿಸಿ ಕೇಳಿದೆ. ಹಾಗೆ ಖಂಡಿತ ಹೇಳಲು ಬರುವುದಿಲ್ಲ ಅಜ್ಜಿ ಅಂದಳು. ನಿಮ್ಮ ಹತ್ತಿರ ಅಂಥದ್ದು ಇರಲಿಲ್ಲವಲ್ಲ, ಇದ್ದಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ, ಕೊರಗಬೇಡಿ ಅಂದಳು. ಹೂಂ ಅಂದೆ.

ಅಂಗಡಿಗಳು ತೆರೆದ ದಿನವೇ ಮಾದೇವನನ್ನು ಮನೆಗೆ ಕರೆದುಕೊಂಡು ಬಂದದ್ದು. ಗುಂಡ್ಲುಪೇಟೆಯಲ್ಲಿ ಬ್ರಾಂಡಿ ಅಂಗಡಿ ಮುಂದೆ ಜನ ಸಾಲು ನಿಂತಿದ್ದರು, ಕಾಲಿಡಲು ಬರೆದ ಸುಣ್ಣದ ವೃತ್ತಗಳೊಳಗೆ ನೆಟ್ಟಗೆ ನಿಂತಿದ್ದರು. ಏನದು ಗಲಾಟೆ ಅಂತ ಅವನು ಕೇಳಿದ. ಹೇಳಿದೆ. ಭರಣಿ ಮಳೆ ಹದವಾಗಿ ಬಿದ್ದಿತ್ತು, ಊರಲ್ಲಿ ಎಲ್ಲರೂ ಹೊಲದಲ್ಲಿದ್ದರು. ಕೇಸು ಸತ್ತ ನಾಗನ ಮೇಲೆ ಬರೆದುಕೊಂಡರು. ಮುದುಕಿ ಬೇಡ ಅಂದಿದ್ದಳು ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನಗೆ ಊರಲ್ಲಿ ಮರ್ಯಾದೆ ಹೆಚ್ಚಿತು. ಮದುವೆ ಮನೆಯ ಸಾರಿನ ಉಪ್ಪು ನೋಡಲೂ ನನ್ನನ್ನೇ ಕರೆಯುತ್ತಾರೆ.

ಮಾದೇವ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ನಾಗನನ್ನು ಬೈಯುತ್ತಾನೆ. ದೇವರಿಗೆ ಕೈ ಮುಗಿದ ಮೇಲೆ, ಕಾಫಿಗೆ ಮುಂಚೆ. ಜಯ ಈ ಬೀದಿಗೆ ಕಾಲಿಡುವುದಿಲ್ಲ. ನೀರಿಗೆ ಹೋಗಲು ಕೆರೆ ಏರಿ ಸುತ್ತಿ ಹೋಗುತ್ತಾಳೆ. ಒಂದು ಸಲ ಕೊಡ ಹೊತ್ತು ಎದುರಾದವಳು ನನ್ನನ್ನು ನಿಲ್ಲಿಸಿ, ನೀನಾದ್ರೂ ಅವ್ರಿಗೆ ಒಂದ್ ಮಾತು ಹೇಳವ್ವ, ನಮ್ಮವರೂ ಕುಡಿದೇ ಸತ್ತವರಲ್ಲವಾ, ಬೇಕೂ ಅಂತ ಮಾಡಿದರಾ ಅಂದಳು. ಹೇಳುತ್ತೇನೆ ಅಂದೆ. ಹೇಳಲಿಲ್ಲ. ಅವನು ಬೈಯುವಾಗ ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿರುತ್ತೇನೆ. ಬಾಯಿ ತೆರೆದರೆ ಬಾಟಲಿಯ ಮಾತು ಬರುತ್ತದೆ ಅಂತ ಗೊತ್ತು. ಎಷ್ಟೋ ಬೆಳಿಗ್ಗೆ ತೆರೆದೂ ನೋಡಿದ್ದೇನೆ, ಕಾಫಿಗೆ ಸಕ್ಕರೆ ಸಾಕಾ ಅಂತ ಕೇಳಿ ಮುಚ್ಚಿದ್ದೇನೆ.

ಅದಕ್ಕೇ ಇದನ್ನು ಬರೆದದ್ದು. ಪವಿತ್ರ ಈ ಭಾನುವಾರ ಬರುತ್ತಾಳೆ. ಅವಳ ಕೈಗೆ ಹಾಳೆ ಕೊಟ್ಟು, ಮಾದೇವ ತಾತನ ಮುಂದೆ ಕೂತು ಗಟ್ಟಿಯಾಗಿ ಓದು, ಏನು ಬಂದರೂ ನಡುವೆ ನಿಲ್ಲಿಸಬೇಡ ಅಂತ ಹೇಳುತ್ತೇನೆ. ಜಯಳಿಗೂ ಬರಲು ಹೇಳಿ ಕಳಿಸಿದ್ದೇನೆ, ಬರುತ್ತಾಳೋ ಇಲ್ಲವೋ ತಿಳಿಯದು. ಆವತ್ತು ನಾನು ಹೊಲಕ್ಕೆ ಹೋಗುವುದಿಲ್ಲ. ಓದಿ ಮುಗಿದ ಮೇಲೆ ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕೂತಿರುತ್ತೇನೆ.